ಆಲ್ಟ್ರೇಶನ್

"ಬಿಗಿಯಾಗೇತಿ ಖಾಸಿಂಬಿ, ಎರಡ ಬೆರಳು ಬಿಚ್ಚು"
ಅಂದು ಮಶೀನಿನ ಮ್ಯಾಲ ಇಟ್ಟು ಹೋದ್ಲು
ವಿಶಾಲಾಕ್ಷಿ ಸಿಸ್ಟರು.
ದವಾಖಾನಿ ಬಿಟ್ಟು ಎಂಟು ತಿಂಗಳಾತು,
ನಡಿಗಿ ಇನ್ನೂ ವಾರ್ಡಿನದ.
ಸೂಜಿ ಚುಚ್ಚಿದಂಗ ಮಾತು, ಹೊಳ್ಳಿ ನೋಡೂದಿಲ್ಲ.

ದೀಪಾವಳಿ ಮುಂದ ಹೊಲಿಸಿದ್ಲು ಇದನ್ನ.
ಬೆಂಕಿ ಉಗುಳಿ ಹುಟ್ಟಿದ ನಡುಗಡ್ಡಿಯಂತ,
ಅದರ ಹೆಸರು ನನ್ನ ನಾಲಿಗ್ಯಾಗ ನಿಲ್ಲಲಿಲ್ಲ,
ವರ್ಷವೆಲ್ಲಾ ಬಿಸಲಂತ.
(ಬಿಸಲ ನೋಡಾಕ ಅಷ್ಟು ದೂರ ಯಾಕ್ರಿ,
ಗದಗಿನ್ಯಾಗ ಪುಕ್ಕಟ ಐತಲ್ಲ, ಅಂದೆ.
ನಗಲಿಲ್ಲ.)
ಜೋಡಿಗೆ ಹಳೇ ಬ್ಯಾಚಿನ ಮೂವರು,
ಹತ್ತು ವರ್ಷ ಚೀಟಿ ಹಾಕಿ ಕೂಡಿಸಿದ ರೊಕ್ಕ,
ಸಮುದ್ರದ ಬದಿಗೇ ರಿಸಾರ್ಟು.
"ಅಂಗಡ್ಯಾಗಿನವು ಅಂಗೈಯಷ್ಟ ಅದಾವು,
ಮೊಣಕಾಲು ಮುಚ್ಚೂವಂಥಾದ್ದು ನೀನ ಹೊಲಿ."

ನಾನು ಸಮುದ್ರ ಕಂಡಾಕಿ ಅಲ್ಲ.
ಭೀಷ್ಮ ಕೆರಿ ಕಂಡೀನಿ.
ಬೆಟಗೇರಿ ನಳಕ್ಕ ಹದಿನೈದು ದಿನಕ್ಕೊಮ್ಮಿ
ನೀರು ಬರೂ ಸಂಭ್ರಮ ಕಂಡೀನಿ.
ನೀರಿಗೆ ಅಂಗಿ ಹೊಲಿಯೂದಂದ್ರ ಹೆಂಗ?
ಹುಬ್ಬಳ್ಳಿಯಿಂದ ಹಿಗ್ಗೂ ಅರಿವಿ ತರಿಸಿ,
ಎಳದು ಬಿಟ್ಟು, ಎಳದು ಬಿಟ್ಟು,
ಸೂಜಿ ಬದಲಿಸಿ
ಮೂರು ಸಲ ಬಿಚ್ಚಿ ಹೊಲಿದೆ.
ಎಡಕ್ಕೊಂದು ಕಳ್ಳಕಿಸೆ, ಆಕಿನ್ನ ಕೇಳದ ಇಟ್ಟೆ.
ನೀರಾಗ ಇಳದ್ರೂ ಹೆಣ್ಣಮಗಳ ಹತ್ರ
ಹತ್ತು ರೂಪಾಯಿ ಇರಬೇಕು.

ಈಗ ಒಳಗಿಂದು ಹೊರಗ ಮಾಡಿ ಹರವೀನಿ.
ನಾಲ್ಕನೇತ್ತಕ್ಕ ಸಾಲಿ ಬಿಟ್ಟಾಕಿ ನಾನು,
ಆದ್ರ ಅರಿವಿ ಓದಾಕ ಬರತೈತಿ.

ಹೆಗಲ ಮ್ಯಾಲ ನೀಲಿ ಬೆಳ್ಳಗಾಗೇತಿ,
ಬಗಲಾಗ ಅಂದಿನ ನೀಲೀನ ಐತಿ.
ಬಾಳೊತ್ತು ಕುಂತಾಳ ಈಕಿ, ಬಿಸಲಿಗೆ ಬೆನ್ನು ಕೊಟ್ಟು,
ಕೈ ಎತ್ತದ.
ಕೆಳಗ ಉಪ್ಪಿನ ಗೆರಿ ಮೂರು.
ಮೊದಲನೇದು ಮೊಣಕಾಲಿಗೆ.
ಎರಡನೇದು ಸೊಂಟಕ್ಕ, ಅದು ಎಷ್ಟನೇ ದಿನಾನೋ.
ಮೂರನೇದು ಎದಿ ಮ್ಯಾಲ, ಅಂಕು ಡೊಂಕು.
ಅಲ್ಲಿ ಯಾರೋ ಕೈ ಹಿಡದು ಜಗ್ಯಾರ:
ಬಲಗಡೆ ತೋಳಿನ ಹೊಲಿಗಿ ಹಿಗ್ಗೇತಿ,
ಎಡಗಡೆ ಇಲ್ಲ.

ಕುಂಡ್ರೂ ಕಡೆ ಉಗುರಷ್ಟು ಹರಕು.
ಕರಕಲ ಕಲ್ಲಿನ ಮ್ಯಾಲ ಜಾರಿರಬೇಕು,
ಅರವತ್ತರ ಹೆಡ್ ಸಿಸ್ಟರು!
ನಾಕೂ ಮಂದಿ ಕಣ್ಣಾಗ ನೀರು ಬರೂಹಂಗ ನಕ್ಕಿರಬೇಕು.
ಹರಕಿಗೆ ಹಾಕಿದ್ದು ದರ್ಜಿ ಹೊಲಿಗಿ ಅಲ್ಲ,
ಗಾಯಕ್ಕ ಹಾಕೂ ಟಾಕಿ,
ಒಂದೊಂದಕ್ಕೂ ಬ್ಯಾರೆ ಬ್ಯಾರೆ ಗಂಟು.

ಸೊಂಟದ ಬಿಗುವಿಗೆ ಕಾರಣ ಸಮುದ್ರ ಅಲ್ಲ.
ಮುಂಜಾನಿ ಬಫೆ ಅಂತಿರತೈತಂತ, ಹಾಕಿಕೊಂಡಷ್ಟೂ.
ಮೂವತ್ತಾರು ವರ್ಷ ನಿಂತ ಚಾ ಕುಡದಾಕಿ
ಎಂಟು ದಿನ ಕುಂತು ಉಂಡಾಳ.

ಕಳ್ಳಕಿಸೆ ಹೊಳ್ಳಿಸಿದೆ.
ಹತ್ತು ರೂಪಾಯಿ ಇಲ್ಲ.
ಕರೇ ಉಸುಕು.
ತೆರಿ ತುಂಬಿದ್ದಲ್ಲ, ಕೈ ತುಂಬಿದ್ದು,
ಮುಷ್ಟಿಯಷ್ಟು.
ಮರತಾಳೋ, ನನಗಂತ ಬಿಟ್ಟಾಳೋ.
ನಮ್ಮ ಎರಿ ಮಣ್ಣಿನ ಬಣ್ಣಾನ ಬಿಡು ಅಂತ
ಬೆರಳು ಒದ್ದಿ ಮಾಡಿ ತಿಕ್ಕಿ ನೋಡಿದೆ.
ಎರಿ ಆದ್ರ ಕಚ್ಚತೈತಿ,
ಉಗುರಸಂದ್ಯಾಗ ಹೊಕ್ಕು ಮನಿಅಳಿಯನಂಗ ಕುಂಡ್ರತೈತಿ.
ಇದು ಕಚ್ಚವಲ್ಲದು.
ಮಿಂಚಿತು, ಜಾರಿತು,
ನನಗ ಇಲ್ಲೇನು ಕೆಲಸ ಅಂದಂಗ.

ಹಾಳ್ಯಾಗ ಕಟ್ಟಿ ಇಡೂದರಾಗ ಫ್ಯಾನಿನ ಗಾಳಿಗೆ
ನಾಕು ಹರಳು ಬಾಬಿನ್ನಿನೊಳಗ ಬಿದ್ದು.
ಎಣ್ಣಿ ಬಿಟ್ಟೆ, ಬ್ರಶ್ ಆಡಿಸಿದೆ.
ಹೋಗವಲ್ಲವು.
ಶಬ್ರೀನಳ ಲಂಗ, ಸಾಲಿ ಯೂನಿಫಾರ್ಮು,
ಯಾರದೋ ದಿಂಬಿನ ಗವುಸು,
ಏನು ಹೊಲಿದ್ರೂ ನಡುವ ಒಂದ್ಸಲ
ಕಿರ್ರ್ ಅಂತೈತಿ,
ಮತ್ತ ಸುಮ್ಮನಾಗತೈತಿ,
ಮತ್ತ ಬರತೈತಿ.

ರಿಪೇರಿ ದಾದಾಪೀರ ಶುಕ್ರವಾರ ಬರತೀನಿ ಅಂದಾನ.
ಬರಲಿ. ಅವಸರಿಲ್ಲ.

ಎರಡ ಬೆರಳು ಬಿಚ್ಚೀನಿ.
ಆ ಟಾಕಿ ಮುಟ್ಟಿಲ್ಲ.
ಉಸುಕಿನ ಪೊಟ್ಟಣ ಕಿಸೆದಾಗ ವಾಪಸ್ ಇಟ್ಟೀನಿ,
ಪೂರ್ತಿ ಅಲ್ಲ.
ಚೀಟಿ ಮ್ಯಾಲ ಬರದೀನಿ:
ಸೊಂಟ ಆಲ್ಟ್ರೇಶನ್, ಐವತ್ತು ರೂಪಾಯಿ.